ಮನೆಮಂದಿಗೆ ಕೌದಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಟ್ಟೆ ಮೇಲೆ ಕೌದಿ ಹರಡಿಕೊಂಡು ಕೂತರೆ ಸಾಕು, ಹಾದು ಹೋಗುವವರು ನಿಂತು ಕೇಳುತ್ತಾರೆ. ಫೋನಿನಲ್ಲೂ ಅವೇ ಪ್ರಶ್ನೆಗಳು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಗೆಳತಿಯರು, ಅವರ ಸೊಸೆಯಂದಿರು, ಬೆಂಗಳೂರು ಸೇರಿದ ಮಕ್ಕಳು ಕೇಳಿದ್ದನ್ನೆಲ್ಲ ಇಲ್ಲಿ ಒಂದು ಕಡೆ ಬರೆದಿದ್ದೇನೆ. ಕ್ರಮ ಅಂತ ಏನೂ ಇಲ್ಲ, ಬೇಕಾದ ಪ್ರಶ್ನೆಗೆ ನೇರ ಹೋಗಿ.

ಕೌದಿ ಅಂದರೆ ಹಳೇ ಸೀರೆ ಪೇರಿಸಿ ಹೊಲಿಯೋದು ಅಲ್ವಾ? ಅದಕ್ಕೆ ಥೀಮ್ ಯಾಕೆ?

ಹೌದು, ಮೂಲದಲ್ಲಿ ಅಷ್ಟೇ. ಹಳೇ ಸೀರೆ, ಧೋತರ, ಕುಬಸದ ಚೂರು ಎಲ್ಲ ಸೇರಿಸಿ ಸಾಲು ಸಾಲಾಗಿ ಹೊಲಿಗೆ ಹಾಕಿದರೆ ಕೌದಿ. ಹಾಸಲೂ ಆಯಿತು, ಹೊದೆಯಲೂ ಆಯಿತು. ಥೀಮ್ ಇಲ್ಲದಿದ್ದರೂ ಅದು ಬೆಚ್ಚಗೇ ಇರುತ್ತದೆ.

ಆದರೆ ಇಂಥವರಿಗೇ ಅಂತ ಹೊಲಿಯುವಾಗ ಸುಮ್ನೆ ಚೂರು ಜೋಡಿಸಿದರೆ ಸಾಲದು ಅನ್ನಿಸುತ್ತದೆ. ಮಗಳ ಮದುವೆಗೆ, ಹುಟ್ಟಿದ ಮೊಮ್ಮಗನಿಗೆ, ಹಾಸ್ಟೆಲ್‌ಗೆ ಹೋಗುವ ಹುಡುಗನಿಗೆ ಒಂದೊಂದು ಬೇರೆ ಥರ ಬೇಕು. ಆಗ ಬಣ್ಣ, ಆಕಾರ, ಬಟ್ಟೆ ಮೂರೂ ಒಂದೇ ಮಾತು ಹೇಳುವಂತೆ ಮಾಡೋದೇ ಥೀಮ್.

ಥೀಮ್ ಆರಿಸೋದು ಹೇಗೆ?

ಮೊಬೈಲಿನಲ್ಲಿ ಚಿತ್ರ ಹುಡುಕಬೇಡಿ. ಅಲ್ಲಿ ಸಿಗೋದು ಮೇಪಲ್ ಎಲೆ, ಹಿಮದ ಗೊಂಬೆ, ಕ್ರಿಸ್‌ಮಸ್ ಗಿಡ. ಚಂದ ಇರುತ್ತವೆ, ಆದರೆ ಬ್ಯಾಡಗಿಯ ಅಜ್ಜನಿಗೆ ಹಿಮದ ಗೊಂಬೆ ಯಾಕೆ? ಯಾರಿಗೆ ಹೊಲಿಯುತ್ತೀರೋ ಅವರ ದಿನ ಹೇಗಿರುತ್ತದೆ ಅಂತ ನೋಡಿ. ಅಲ್ಲೇ ಥೀಮ್ ಇರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟದ್ದು ಎರಿ ಹೊಲದ, ಅಂದರೆ ಕಪ್ಪು ಮಣ್ಣಿನ ಹೊಲದ ಕೌದಿ. ಒಕ್ಕಲುತನದ ಮನೆಯವರಿಗೆ ಇದಕ್ಕಿಂತ ಒಪ್ಪುವಂಥದ್ದು ಇನ್ನೊಂದಿಲ್ಲ. ತಳದ ಬಣ್ಣ ಕಪ್ಪು ಅಥವಾ ಗಾಢ ಕಂದು. ಅದರ ಮೇಲೆ ಅಕ್ಕಡಿ ಸಾಲಿನ (ಒಂದು ಬೆಳೆಯ ನಡುವೆ ಬಿತ್ತುವ ಇನ್ನೊಂದು ಬೆಳೆಯ ಸಾಲು) ಹಾಗೆ ಉದ್ದುದ್ದ ಪಟ್ಟಿಗಳು: ಜೋಳಕ್ಕೆ ತಿಳಿ ಹಸಿರು, ಕಡಲೆಗೆ ಗಾಢ ಹಸಿರು, ಹತ್ತಿಗೆ ಬಿಳಿ. ಹೊಲದ ಸುತ್ತ ದನ ನುಗ್ಗದಿರಲಿ ಅಂತ ಮುಳ್ಳಿನ ಕುಸುಬೆ ಬಿತ್ತುತ್ತಾರಲ್ಲ, ಹಾಗೇ ಕೌದಿಯ ನಾಲ್ಕೂ ಕಡೆ ಅರಿಶಿನ-ಕಿತ್ತಳೆ ಬಣ್ಣದ ಅಂಚು. ಪಟ್ಟಿ ಹೊಲಿಯೋದು ಚೌಕ ಹೊಲಿಯೋದಕ್ಕಿಂತ ಸುಲಭ, ಮೂಲೆ ಕೂಡಿಸುವ ತಲೆನೋವು ಇಲ್ಲ. ಹೊಸದಾಗಿ ಕಲಿಯುವವರಿಗೆ ನಾನು ಇದನ್ನೇ ಹೇಳೋದು.

ಹಾವೇರಿ ಕಡೆಯವರಾದರೆ ಬ್ಯಾಡಗಿ ಮೆಣಸಿನಕಾಯಿ ಇದ್ದೇ ಇದೆ. ಒಂದೇ ಕೆಂಪು ಬೇಡ. ಹೊಸ ಕಾಯಿಯ ಕೆಂಪು, ಒಣಗಿ ಸುಕ್ಕಾದ ಕಾಯಿಯ ಗಾಢ ಕೆಂಪು, ಕಣಕ್ಕೆ ಹಾಕಿದಾಗ ಬಿಸಿಲಿಗೆ ಹೊಳೆಯುವ ಕೆಂಪು, ಮೂರು ನಾಲ್ಕು ಕೆಂಪು ಸೇರಿದರೇ ಅದು ಬ್ಯಾಡಗಿ. ಗದಗದವರು ಲಕ್ಕುಂಡಿಯ ಬಾವಿ ನೋಡಿ ಬನ್ನಿ. ಮೆಟ್ಟಿಲು ಒಳಗೊಳಗೆ ಇಳಿಯುತ್ತಾ ಹೋಗುತ್ತವೆ. ನಡುವೆ ಒಂದು ನೀಲಿ ಚೌಕ ಇಟ್ಟು ಸುತ್ತಲೂ ಬೂದು, ಕಂದು ಪಟ್ಟಿಗಳನ್ನು ಸುತ್ತಿಸಿಕೊಂಡು ಬಂದರೆ ಬಾವಿ ತಾನಾಗಿಯೇ ಮೂಡುತ್ತದೆ. ಹಾಡು ಕಲಿಯುವ ಮಗುವಿದ್ದರೆ ಹಾರ್ಮೋನಿಯಂನ ಕಪ್ಪು-ಬಿಳಿ ಮನೆಗಳು. ಪಂಡಿತ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರರ ಸೀಮೆಯಲ್ಲಿ ಅಂಥ ಮಗು ಇಲ್ಲದ ಓಣಿ ಸಿಗೋದು ಕಷ್ಟ. ಸಣ್ಣ ಹುಡುಗರನ್ನು ಕೇಳಿದರೆ ಒಂದೇ ಉತ್ತರ, ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು. ಹಾಕಿ ಕೊಡಿ. ಒಂದು ಉದ್ದ ಆಯತ, ಮೇಲೆ ಕಿಟಕಿಯ ಚೌಕಗಳು, ಕೆಳಗೆ ಗಾಲಿ. ಕಾರ ಹುಣ್ಣಿಮೆಯ ಬಣ್ಣದ ಎತ್ತು, ಪಂಚಮಿ ಜೋಕಾಲಿ ಕೂಡ ಮಕ್ಕಳಿಗೆ ಹಿಡಿಸುತ್ತವೆ.

ಒಂದು ಕೌದಿಗೆ ಒಂದೇ ಥೀಮ್. ಬಸ್ಸು, ಎತ್ತು, ಬಾವಿ ಮೂರೂ ಒಂದರಲ್ಲೇ ತುರುಕಿದರೆ ಸಂತೆ ಆಗುತ್ತದೆ.

ಯಾವ ಬಟ್ಟೆ ಬಳಸಬಹುದು? ಯಾವುದು ಬೇಡ?

ಹತ್ತಿ ಬಟ್ಟೆ, ಅದರಲ್ಲೂ ಹಲವು ಸಲ ತೊಳೆದ ಹತ್ತಿ ಬಟ್ಟೆ ಎಲ್ಲಕ್ಕಿಂತ ಒಳ್ಳೆಯದು. ಅದು ಕುಗ್ಗುವಷ್ಟು ಕುಗ್ಗಿರುತ್ತದೆ, ಬಣ್ಣ ಬಿಡುವಷ್ಟು ಬಿಟ್ಟಿರುತ್ತದೆ. ಸೂಜಿ ಸಲೀಸಾಗಿ ಇಳಿಯುತ್ತದೆ.

ಹತ್ತಿಯೋ ಪಾಲಿಸ್ಟರೋ ಗೊತ್ತಾಗದಿದ್ದರೆ ಅಂಚಿನಿಂದ ಎರಡು ಎಳೆ ಕಿತ್ತು ಚಿಮಟದಲ್ಲಿ ಹಿಡಿದು ಬೆಂಕಿ ತಾಗಿಸಿ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ. ಪಾಲಿಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಣಿ ಬಿಸಿ ಇರುವಾಗ ಮುಟ್ಟಬೇಡಿ. ಬೆರಕೆ ಬಟ್ಟೆಯಾದರೆ ಎರಡೂ ಕಾಣುತ್ತವೆ.

ಪಾಲಿಸ್ಟರ್ ಬೇಡವೇ ಬೇಡ ಅಂತ ನಾನು ಹೇಳಲ್ಲ. ಚೀಲಕ್ಕೆ, ಟೇಬಲ್ ಮೇಲೆ ಹಾಸುವ ಬಟ್ಟೆಗೆ ನಡೆಯುತ್ತದೆ. ಮೈಗೆ ತಾಗುವ ಕೌದಿಗೆ ಬೇಡ, ಬೆವರು ಹೀರೋದಿಲ್ಲ. ಜೀನ್ಸ್ ಗಟ್ಟಿ, ಆದರೆ ಕೈಯಲ್ಲಿ ಹೊಲಿಯುವವರ ಬೆರಳು ಉಳಿಯೋದಿಲ್ಲ. ಅದನ್ನು ಚೀಲಕ್ಕೆ ಇಟ್ಟುಕೊಳ್ಳಿ. ಬನಿಯನ್ ಬಟ್ಟೆ ಎಳೆದಂತೆ ಹಿಗ್ಗುತ್ತದೆ, ಮೇಲ್ಪದರಕ್ಕೆ ಬರೋದಿಲ್ಲ, ಒಳಪದರಕ್ಕೆ ಹಾಕಬಹುದು.

ಬಟ್ಟೆ ಸಾಲದಿದ್ದರೆ ನಿಮ್ಮ ಬ್ಲೌಸ್ ಹೊಲಿಯುವ ಟೇಲರ್‌ಗೆ ಹೇಳಿ ಇಡಿ. ವಾರಕ್ಕೊಂದು ಚೀಲ ಚೂರು ಸಿಗುತ್ತವೆ, ಬಣ್ಣಕ್ಕೆ ಬರ ಇರೋದಿಲ್ಲ. ಒಂದೇ ಬಣ್ಣದ ಬಟ್ಟೆ ಮೀಟರ್ ಲೆಕ್ಕದಲ್ಲಿ ಬೇಕಾದರೆ ಹುಬ್ಬಳ್ಳಿಯ ದುರ್ಗದ ಬೈಲಿನ ಸುತ್ತ ಅಂಗಡಿಗಳಿವೆ. ಖಾದಿ ಬಳಸುವವರು ಮೊದಲು ನೆನೆಸಿ ಒಣಗಿಸಿ, ಆಮೇಲೆ ಕತ್ತರಿ ಹಾಕಿ. ಖಾದಿ ಜಾಸ್ತಿ ಕುಗ್ಗುತ್ತದೆ.

ಬಣ್ಣ ಬಿಡುತ್ತದೋ ಇಲ್ಲವೋ ತಿಳಿಯೋದು ಹೇಗೆ? ಉಪ್ಪುನೀರಲ್ಲಿ ನೆನೆಸಿದರೆ ನಿಲ್ಲುತ್ತಾ?

ಬಟ್ಟೆ ಒದ್ದೆ ಮಾಡಿ, ಬಿಳಿ ಚಿಂದಿಯ ಮೇಲಿಟ್ಟು ಇಸ್ತ್ರಿ ಒತ್ತಿ. ಚಿಂದಿಗೆ ಬಣ್ಣ ಹತ್ತಿದರೆ ಕೌದಿಗೂ ಹತ್ತುತ್ತದೆ. ಕೆಂಪು ಮತ್ತು ಗಾಢ ನೀಲಿಯನ್ನು ತಪ್ಪದೇ ನೋಡಿ.

ಉಪ್ಪುನೀರಿನ ಮಾತನ್ನು ಎಲ್ಲ ಮನೆಯಲ್ಲೂ ಹೇಳುತ್ತಾರೆ. ಉಪ್ಪಿನ ಕೆಲಸ ಬಣ್ಣ ಹಾಕುವ ಹೊತ್ತಿನದು. ಅಂಗಡಿಯಿಂದ ತಂದ ಬಟ್ಟೆಯಲ್ಲಿ ಸಡಿಲವಾಗಿ ನಿಂತ ಬಣ್ಣವನ್ನು ಅದು ಹಿಡಿದು ನಿಲ್ಲಿಸೋದಿಲ್ಲ. ನೀರು ತಿಳಿಯಾಗುವ ತನಕ ತೊಳೆಯಿರಿ, ಅದೇ ದಾರಿ. ಆದರೂ ಬಿಡುತ್ತಿದ್ದರೆ ಆ ಬಟ್ಟೆಯನ್ನು ಬಿಳಿಯ ಪಕ್ಕ ಕೂಡಿಸಬೇಡಿ.

ಅವ್ವನ ಇಳಕಲ್ ಸೀರೆ ಇದೆ. ಕತ್ತರಿಸಲು ಮನಸ್ಸು ಬರೋದಿಲ್ಲ. ಏನು ಮಾಡಲಿ?

ಉಡುವ ಹಾಗಿದ್ದರೆ ಕತ್ತರಿಸಬೇಡಿ, ಉಡಿ. ಮಡಿಕೆಯ ಗೆರೆಯಲ್ಲೇ ಸೀಳಿದ್ದರೆ ಮಾತ್ರ ಕೌದಿಗೆ ತನ್ನಿ.

ಇಳಕಲ್ ಸೀರೆಯ ಮೈಯನ್ನೂ ಸೆರಗನ್ನೂ ಬೇರೆ ಬೇರೆ ಹಾಸು (ಉದ್ದದ ಎಳೆ) ಹಾಕಿ, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಹಳೇ ಸೀರೆಯಲ್ಲಿ ಆ ಕೂಡುವ ಜಾಗವನ್ನು ನಡುವೆ ಕತ್ತರಿಸಬೇಡಿ. ಗೋಪುರದಂಥ ಸಾಲಿರುವ ಈ ತೋಪಿನ ಸೆರಗನ್ನು ಇಡಿಯಾಗಿ ತೆಗೆದು ಕೌದಿಯ ನಡುವೆ ಕೂಡಿಸಿ, ದಡಿಯನ್ನು ಉದ್ದಕ್ಕೆ ಬಿಡಿಸಿಕೊಂಡು ನಾಲ್ಕೂ ಅಂಚಿಗೆ ಹಾಕಿ. ಮೈ ಬಟ್ಟೆ ತೆಳುವಾಗಿದ್ದರೆ ಒಳಪದರಕ್ಕೆ. ಹೀಗೆ ಮಾಡಿದರೆ ಸೀರೆ ಚೂರಾಗೋದಿಲ್ಲ, ನೋಡಿದವರಿಗೆ ಯಾರ ಸೀರೆ ಅಂತ ಗೊತ್ತಾಗುತ್ತದೆ. ಸೆರಗಿನ ರೇಷ್ಮೆ ಬಿರುಸಾಗಿ ಸೀಳುವಂತಿದ್ದರೆ ಹಿಂದೆ ತೆಳು ಹತ್ತಿಯ ಅಸ್ತರ ಕೊಡಿ.

ಗುಳೇದಗುಡ್ಡದ ಖಣದ, ಅಂದರೆ ಕುಬಸದ ಬಟ್ಟೆಯ ವಿಷಯ ಬೇರೆ. ಕತ್ತರಿಸಿದ ತಕ್ಷಣ ಅಂಚು ಎಳೆ ಬಿಡುತ್ತದೆ. ಕತ್ತರಿಸುವಾಗಲೇ ಹೊಲಿಗೆಗೆ ಕಾಲು ಇಂಚಿನ ಬದಲು ಅರ್ಧ ಇಂಚು ಬಿಡಿ. ಖಣವನ್ನು ಇಡೀ ಕೌದಿಗೆ ಹಾಕಬೇಡಿ, ಅಲ್ಲೊಂದು ಇಲ್ಲೊಂದು ಇದ್ದರೇ ಅದಕ್ಕೆ ಬೆಲೆ.

ಅಳತೆ ಲೆಕ್ಕ ತಿಳಿಸಿ. ಎಷ್ಟು ಬಟ್ಟೆ ಬೇಕು?

ಒಬ್ಬರು ಹೊದೆಯುವ ಕೌದಿಗೆ 5 ಅಡಿ ಅಗಲ, 7 ಅಡಿ ಉದ್ದ ಸಾಕು. ಅಂದರೆ 60 ಇಂಚು, 84 ಇಂಚು. 6 ಇಂಚಿನ ಚೌಕ ಕೂಡಿಸುತ್ತೀರಿ ಅಂದುಕೊಳ್ಳಿ. ಅಗಲಕ್ಕೆ 10, ಉದ್ದಕ್ಕೆ 14, ಒಟ್ಟು 140 ಚೌಕ. ಸುತ್ತಲೂ 6 ಇಂಚಿನ ಅಂಚು ಕೊಟ್ಟರೆ 8 ಸಲ 12, ಅಂದರೆ 96 ಚೌಕಕ್ಕೆ ಮುಗಿಯುತ್ತದೆ. ಕತ್ತರಿಸುವಾಗ ಪ್ರತಿ ಚೌಕ ಆರೂವರೆ ಇಂಚು ಇರಲಿ, ನಾಲ್ಕೂ ಕಡೆ ಕಾಲು ಇಂಚು ಹೊಲಿಗೆಗೆ ಹೋಗುತ್ತದೆ. ಇದನ್ನು ಮರೆತರೆ ಕೌದಿ ಐದು ಅಡಿಯ ಬದಲು ನಾಲ್ಕೂವರೆ ಅಡಿಗೆ ಬಂದು ನಿಲ್ಲುತ್ತದೆ.

ಐದೂವರೆ ಮೀಟರಿನ ಒಂದು ಸೀರೆಯಲ್ಲಿ ಅಂಥ ಚೌಕ ಸುಮಾರು 200 ಸಿಗುತ್ತವೆ. ಅಂದರೆ ಮೇಲ್ಪದರಕ್ಕೆ ಬಟ್ಟೆ ಸಾಲದು ಅನ್ನುವ ಚಿಂತೆಯೇ ಬೇಡ, ಬಣ್ಣ ಹೊಂದಿಸೋದಷ್ಟೇ ಕೆಲಸ. ತಳಕ್ಕೂ ಒಂದೇ ಸೀರೆ ಸಾಕು. 88 ಇಂಚಿನ ಎರಡು ತುಂಡು ಮಾಡಿ ಅಕ್ಕಪಕ್ಕ ಕೂಡಿಸಿದರೆ ಅಗಲ ಮಿಕ್ಕುತ್ತದೆ. ತಳ ಯಾವಾಗಲೂ ಮೇಲ್ಪದರಕ್ಕಿಂತ ಸುತ್ತಲೂ ಎರಡು ಇಂಚು ದೊಡ್ಡದಿರಲಿ, ಹೊಲಿಯುತ್ತಾ ಹೋದಂತೆ ಬಟ್ಟೆ ಸ್ವಲ್ಪ ಒಳಗೆ ಎಳೆದುಕೊಳ್ಳುತ್ತದೆ.

ಒಳಗೆ ಏನು ಹಾಕಬೇಕು? ಹತ್ತಿ ತುಂಬಬೇಕಾ?

ನಮ್ಮ ಕೌದಿಗೆ ಹತ್ತಿ ತುಂಬೋದಿಲ್ಲ, ತುಂಬಿದರೆ ಅದು ರಜಾಯಿ. ಹಳೇ ಸೀರೆ, ಧೋತರ, ಬೆಡ್‌ಶೀಟ್ ಪದರ ಹಾಕಿ. ಧಾರವಾಡದ ಮಳೆಗಾಲಕ್ಕೆ ಮೂರು ಒಳಪದರ ಸಾಕು, ಐದಾದರೆ ಸೂಜಿ ದಾಟೋದೇ ಕಷ್ಟ. ಬಿಡಿ ಹತ್ತಿಯನ್ನು ತುಂಬಿ ದೂರ ದೂರ ಹೊಲಿಗೆ ಹಾಕಿದರೆ ತೊಳೆದಾಗ ಗಂಟು ಗಂಟಾಗುತ್ತದೆ.

ಹೊಲಿಗೆ ಎಲ್ಲಿಂದ ಶುರು ಮಾಡಬೇಕು?

ಮೊದಲು ಎಲ್ಲ ಪದರಗಳನ್ನು ನೆಲದ ಮೇಲೆ ಹಾಸಿ, ಸುಕ್ಕು ತೆಗೆದು, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಇಲ್ಲಿ ಇಬ್ಬರು ಬೇಕು. ಒಬ್ಬರೇ ಮಾಡಿದರೆ ಒಂದು ಕಡೆ ಎಳೆದರೆ ಇನ್ನೊಂದು ಕಡೆ ಗುಳ್ಳೆ ಏಳುತ್ತದೆ. ಆಮೇಲೆ ನಡುವಿನಿಂದ ಹೊರಗೆ ಹೊಲಿಯುತ್ತಾ ಬಂದರೆ ಉಬ್ಬು ಅಂಚಿಗೆ ಸರಿದು ಹೋಗುತ್ತದೆ. ಸಾಲಿಗೂ ಸಾಲಿಗೂ ಎರಡು ಬೆರಳು ಅಂತರ. ಸೂಜಿಯ ಮೇಲೆ ಒಂದೇ ಸಲಕ್ಕೆ ನಾಲ್ಕೈದು ಹೊಲಿಗೆ ತುಂಬಿಕೊಂಡು ಎಳೆದರೆ ಸಾಲು ನೆಟ್ಟಗೆ ಬರುತ್ತದೆ. ದಾರ ಮೊಳಕೈಗಿಂತ ಉದ್ದ ಬೇಡ, ಸಿಕ್ಕಾಗುತ್ತದೆ. ಮೇಣದಬತ್ತಿಗೆ ಒಮ್ಮೆ ಎಳೆದುಕೊಂಡರೆ ದಾರ ಜಾರುತ್ತದೆ. ಗಂಟನ್ನು ಎಳೆದು ಪದರದೊಳಗೆ ಮುಚ್ಚಿಡಿ.

ಸಿದ್ದಿ ಸಮುದಾಯದ ಹೆಂಗಸರ ರೀತಿ ಬೇರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಅವರು ಹೊಲಿಯುವ ಕೌದಿಯನ್ನು ನೋಡಿದವರು ಮರೆಯೋದಿಲ್ಲ. ಅವರು ಮೂಲೆಯಿಂದ ಶುರು ಮಾಡಿ ಅಂಚಿನ ಗುಂಟ ಸುತ್ತುತ್ತಾ ನಡುವಿಗೆ ಬರುತ್ತಾರೆ. ಬಟ್ಟೆಯ ಚೂರನ್ನು ಮೊದಲೇ ಕೂಡಿಸಿಕೊಳ್ಳೋದಿಲ್ಲ, ಹೊಲಿಯುತ್ತಾ ಹೊಲಿಯುತ್ತಾ ಇಡುತ್ತಾರೆ. ಕೊನೆಗೆ ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಹೂವು ಹಚ್ಚುತ್ತಾರೆ. ಚೂರಿನ ಅಂಚನ್ನು ಬೆರಳಲ್ಲೇ ಮಡಚಿಕೊಳ್ಳುವ ಕೈಚಳಕ ಇದ್ದವರು ಅದನ್ನು ಮಾಡಿ ನೋಡಿ. ಲೆಕ್ಕ ಹಾಕಿ ಮಾಡುವ ಥೀಮ್‌ಗೆ ಅದು ಹೊಂದೋದಿಲ್ಲ. ಅಲ್ಲಿ ಕೈ ಹೋದದ್ದೇ ದಾರಿ.

ಮಷಿನ್‌ನಲ್ಲಿ ಹೊಲಿದರೆ ಆಗಲ್ವಾ?

ಯಾಕೆ ಆಗಲ್ಲ? ಚೌಕ ಕೂಡಿಸೋದನ್ನು ನಾನು ಮಷಿನ್‌ನಲ್ಲೇ ಮಾಡೋದು. ಕಾಲ್ಮಷಿನ್ ಆದರೂ ನಡೆಯುತ್ತದೆ. ಪದರ ಹೊಲಿಯುವಾಗ 16 ನಂಬರಿನ ಸೂಜಿ ಹಾಕಿ, ಹೊಲಿಗೆ ಉದ್ದ ಮಾಡಿಕೊಳ್ಳಿ. ಪೂರ್ತಿ ಕೌದಿಯನ್ನು ಮಷಿನ್‌ನಲ್ಲಿ ಹೊಲಿದರೆ ಬಿಗಿಯಾಗುತ್ತದೆ, ಮೈಗೆ ಮೆತ್ತಗೆ ಕೂರೋದಿಲ್ಲ. ಮೇಲ್ಪದರ ಮಷಿನ್, ಪದರದ ಹೊಲಿಗೆ ಕೈ. ಇದು ನನ್ನ ತೀರ್ಮಾನ, ನಿಮಗೆ ಪುರುಸೊತ್ತು ಇಲ್ಲದಿದ್ದರೆ ಎರಡನ್ನೂ ಮಷಿನ್‌ಗೇ ಹಾಕಿ.

ಥೀಮ್ ಕೌದಿಯಲ್ಲಿ ಕಸೂತಿ ಸೇರಿಸಬಹುದಾ?

ಸೇರಿಸಬಹುದು, ಆದರೆ ಚೌಕ ಬಿಡಿಯಾಗಿ ಇರುವಾಗಲೇ ಹಾಕಿ. ಪದರ ಕೂಡಿದ ಮೇಲೆ ಕಸೂತಿ ಸಾಧ್ಯವಿಲ್ಲ. ಕಸೂತಿಗೆ ಚಿತ್ರ ಬರೆದುಕೊಳ್ಳೋದಿಲ್ಲ, ಬಟ್ಟೆಯ ಎಳೆ ಎಣಿಸಿ ಹಾಕೋದು. ಹಾಗಾಗಿ ನೇಯ್ಗೆ ಕಣ್ಣಿಗೆ ಕಾಣುವ ಬಟ್ಟೆ ಬೇಕು. ಖಾದಿ ಚೆನ್ನಾಗಿ ಹೊಂದುತ್ತದೆ.

ಗವಂತಿ, ಮುರ್ಗಿ, ನೇಗಿ, ಮೆಂತೆ, ನಾಲ್ಕು ಬಗೆ ಇವೆ. ಹೊಸಬರು ಗವಂತಿಯಿಂದ ಶುರು ಮಾಡಿ: ಹೋಗುವಾಗ ಒಂದು ಬಿಟ್ಟು ಒಂದು, ಬರುವಾಗ ಬಿಟ್ಟದ್ದನ್ನು ತುಂಬೋದು. ಅದೂ ಮುರ್ಗಿಯೂ ಎರಡೂ ಕಡೆ ಒಂದೇ ಥರ ಕಾಣುತ್ತವೆ. ಮೆಂತೆಗೆ ದಾರ ಜಾಸ್ತಿ ಬೇಕು, ಭಾರವೂ ಆಗುತ್ತದೆ. ಗೋಪುರ, ತೇರು, ಅಂಬಾರಿ ಆನೆ, ತುಳಸಿ ಕಟ್ಟೆ, ನವಿಲು ಎಲ್ಲ ಕಸೂತಿಯ ಹಳೇ ಚಿತ್ರಗಳೇ. 96 ಚೌಕಕ್ಕೆ ನಾಲ್ಕು ಕಸೂತಿ ಚೌಕ ಸಾಕು, ಮೂಲೆಗೊಂದು.

ಹುಟ್ಟುವ ಮಗುವಿಗೆ ಏನು ಹೊಲಿಯಲಿ?

ಮೊದಲು ಕುಲಾಯಿ (ಮಗುವಿನ ಟೊಪ್ಪಿಗೆ), ಆಮೇಲೆ ಕುಂಚಿಗಿ (ಬೆನ್ನ ಮೇಲೆ ಇಳಿಯುವ ಟೊಪ್ಪಿಗೆ). ಎರಡಕ್ಕೂ ಬಟ್ಟೆ ಸ್ವಲ್ಪವೇ ಸಾಕು. ಒಳಗೆ ಹಳೇ ಮೆತ್ತನೆ ಸೀರೆಯ ಅಸ್ತರ ಕೊಡಿ, ಹೊಲಿಗೆಯ ಮುಖ ಮಗುವಿನ ತಲೆಗೆ ಒತ್ತಬಾರದು.

ಕೌದಿಯಾದರೆ 36 ಇಂಚಿನ ಚೌಕ, 6 ಇಂಚಿನ 36 ತುಂಡು. ಕಲಘಟಗಿಯ ಬಣ್ಣದ ತೊಟ್ಟಿಲು ತಂದಿದ್ದರೆ ಅದರ ಬಣ್ಣಗಳನ್ನೇ ಕೌದಿಗೆ ತೆಗೆದುಕೊಳ್ಳಿ, ಎರಡೂ ಜೋಡಿಯಾಗಿ ಕಾಣುತ್ತವೆ.

ಒಂದು ಮಾತು ಖಡಕ್ಕಾಗಿ ಹೇಳಬೇಕು. ಒಂದು ವರ್ಷದೊಳಗಿನ ಮಗು ಮಲಗುವಾಗ ಸಡಿಲ ಹೊದಿಕೆ, ದಿಂಬು ಬೇಡ ಅಂತ ಮಕ್ಕಳ ವೈದ್ಯರು ಹೇಳುತ್ತಾರೆ. ಮುಖದ ಮೇಲೆ ಬಂದರೆ ಉಸಿರು ಕಟ್ಟುತ್ತದೆ. ಮಗುವಿನ ಕೌದಿಯನ್ನು ನೆಲಕ್ಕೆ ಹಾಸಿ ಆಡಿಸಲು ಬಳಸಿ, ದೊಡ್ಡವರು ಪಕ್ಕದಲ್ಲಿ ಇರಬೇಕು. ಗುಂಡಿ, ಮಣಿ, ಕನ್ನಡಿ ಚೂರು ಹಚ್ಚಲೇಬೇಡಿ. ಎಳೆದು ಬಾಯಿಗೆ ಹಾಕಿಕೊಳ್ಳುತ್ತವೆ.

ಆಯಿಗೆ ಕಣ್ಣು ಮಂಜು. ಚಿತ್ರ ಕಾಣೋದಿಲ್ಲ. ಅವರಿಗೆ ಯಾವ ಥೀಮ್?

ಕೈಗೆ ತಿಳಿಯುವಂಥದ್ದು. ಖಣದ ಬುಟ್ಟಾ, ಖಾದಿಯ ಒರಟು, ರೇಷ್ಮೆಯ ನುಣುಪು, ಟವೆಲ್ಲಿನ ಜುಂಗು ಒಂದರ ಪಕ್ಕ ಒಂದು ಬರಲಿ. ತಲೆಯ ಕಡೆ ಯಾವುದು, ಕಾಲ ಕಡೆ ಯಾವುದು ಅಂತ ತಡವಿ ತಿಳಿಯಲು ಒಂದು ಅಂಚಿಗೆ ಮಾತ್ರ ದಪ್ಪ ದಾರದ ಹೊಲಿಗೆ ಹಾಕಿ. ಹಗುರ ಇರಲಿ, ಒಳಪದರ ಒಂದೇ ಸಾಕು.

ತೀರಿಹೋದವರ ಬಟ್ಟೆಯಿಂದ ಹೊಲಿಯಬಹುದಾ?

ಇದನ್ನು ಕೇಳುವಾಗ ಎಲ್ಲರೂ ದನಿ ತಗ್ಗಿಸುತ್ತಾರೆ. ಕೆಲವು ಮನೆಗಳಲ್ಲಿ ಒಪ್ಪೋದಿಲ್ಲ. ಹಿರಿಯರನ್ನು ಕೇಳಿ, ಬೇಡ ಅಂದರೆ ವಾದ ಬೇಡ.

ಒಪ್ಪಿದರೆ ಅವಸರ ಮಾಡಬೇಡಿ. ಬಟ್ಟೆ ತೊಳೆದು ಒಂದು ಗಂಟು ಕಟ್ಟಿ ಇಡಿ. ಕತ್ತರಿ ಹಾಕುವ ಮೊದಲು ಮನೆಯವರನ್ನೆಲ್ಲ ಕೂಡಿಸಿ ಯಾರಿಗೆ ಯಾವುದು ಹಾಗೇ ಬೇಕು ಅಂತ ಕೇಳಿ. ಕತ್ತರಿಸಿದ್ದು ಮತ್ತೆ ಅಂಗಿ ಆಗೋದಿಲ್ಲ. ಅಪ್ಪನ ಅಂಗಿಯ ಕಿಸೆಯನ್ನು ಕಿಸೆಯಾಗಿಯೇ ಕೌದಿಗೆ ಹಚ್ಚಿ, ಮಕ್ಕಳು ಕೈ ಹಾಕುತ್ತವೆ. ಗುಂಡಿ ಪಟ್ಟಿಯೂ ಹಾಗೇ. ಧೋತರ ತಳಕ್ಕೆ ಹೋಗಲಿ. ಮೂವರು ಮಕ್ಕಳಿದ್ದರೆ ಒಂದು ದೊಡ್ಡ ಕೌದಿ ಹೊಲಿದು ಯಾರ ಮನೆಯಲ್ಲಿ ಇರಬೇಕು ಅಂತ ಜಗಳ ಹಚ್ಚಬೇಡಿ. ಮೂರು ಸಣ್ಣವು ಹೊಲಿಯಿರಿ.

ಕೇಸರಿ-ಬಿಳಿ-ಹಸಿರು ಥೀಮ್ ಮಾಡಬಹುದಾ?

ಹುಬ್ಬಳ್ಳಿಯವರು ಇದನ್ನು ಕೇಳೋದು ಸಹಜ. 1957ರಲ್ಲಿ ಶುರುವಾದ ಖಾದಿ ಸಂಘ ಬೆಂಗೇರಿಯಲ್ಲಿದೆ, ಖಾದಿಯ ರಾಷ್ಟ್ರಧ್ವಜ ಅಲ್ಲಿ ತಯಾರಾಗುತ್ತದೆ. ಮೂರು ಬಣ್ಣಗಳನ್ನು ಬೇರೆ ಬೇರೆ ಚೌಕಗಳಲ್ಲಿ ಹರಡಿ ಬಳಸೋದು ಒಂದು, ಧ್ವಜದ ಆಕಾರವನ್ನೇ ಚಕ್ರದ ಸಮೇತ ಹೊಲಿಯೋದು ಇನ್ನೊಂದು. ಮೊದಲನೆಯದು ಮಾಡಿ, ಎರಡನೆಯದು ಬೇಡ. ದಿಂಬು, ಕರವಸ್ತ್ರ, ಉಡುಪಿನ ಬಟ್ಟೆಯ ಮೇಲೆ ಧ್ವಜವನ್ನು ಕಸೂತಿ ಮಾಡೋದು, ಅಚ್ಚು ಹಾಕೋದು 1971ರ ಕಾಯ್ದೆಯ ಪ್ರಕಾರ ಅವಮಾನವೇ. ಹಳೇ ಧ್ವಜದ ಬಟ್ಟೆಯನ್ನು ಕೌದಿಗೆ ಹಾಕಲೇಬಾರದು.

ಉಳಿದ ಚೂರುಗಳಿಂದ ಏನು ಮಾಡಬಹುದು?

ರೊಟ್ಟಿ ಬುಟ್ಟಿಗೆ ಹಾಸುವ ಬಟ್ಟೆ, ಬಿಸಿ ಪಾತ್ರೆ ಹಿಡಿಯುವ ಬಟ್ಟೆ, ಅಜ್ಜನ ಎಲೆ-ಅಡಿಕೆ ಸಂಚಿ, ಸಂತೆ ಚೀಲ. ಪಾತ್ರೆ ಹಿಡಿಯುವುದಕ್ಕೆ ಪೂರ್ತಿ ಹತ್ತಿಯೇ ಇರಲಿ, ಪಾಲಿಸ್ಟರ್ ಚೂರು ಬಿಸಿಗೆ ಕರಗಿ ಕೈಗೆ ಅಂಟುತ್ತದೆ. ಸಂಚಿಗೆ ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಮನೆ ಇರಬೇಕು, ಇಲ್ಲದಿದ್ದರೆ ಅಜ್ಜ ಬಳಸೋದಿಲ್ಲ.

ಮಕ್ಕಳ ಜೊತೆ ಮಾಡಲು ಚೌಕಾಬಾರ ಆಟದ ಹಾಸು ಹೊಲಿಯಿರಿ. ಐದು ಸಾಲು, ಸಾಲಿಗೆ ಐದು, ಒಟ್ಟು 25 ಮನೆ. ನಾಲ್ಕೂವರೆ ಇಂಚಿಗೆ ಕತ್ತರಿಸಿದರೆ 20 ಇಂಚಿನ ಹಾಸಾಗುತ್ತದೆ. ನಾಲ್ಕು ಬದಿಯ ನಡುವಿನ ಮನೆಗಳಿಗೂ ನಟ್ಟನಡುವಿನ ಮನೆಗೂ ಗುಣಾಕಾರದ ಗುರುತಿನಂತೆ ಎರಡು ಪಟ್ಟಿ ಹಚ್ಚಿ. ಮೂಲೆಗೆ ದಾರ ಕೊಟ್ಟರೆ ಕವಡೆ, ಕಾಯಿ ಎಲ್ಲ ಒಳಗೇ ಹಾಕಿ ಗಂಟು ಕಟ್ಟಿ ಊರಿಗೆ ಒಯ್ಯಬಹುದು. ಎಂಟು ಹತ್ತು ವರ್ಷದ ಮಕ್ಕಳು ಇದನ್ನು ತಾವೇ ಹೊಲಿಯುತ್ತಾರೆ, ಕತ್ತರಿ ಮಾತ್ರ ನಿಮ್ಮ ಕೈಯಲ್ಲಿರಲಿ.

ಹೊಲಿಯಲು ಬರೋದಿಲ್ಲ. ಹಣ ಕೊಟ್ಟು ಹೊಲಿಸಬಹುದಾ?

ಧಾರಾಳವಾಗಿ. ಓಣಿಗೆ ಬರುವ ಕೌದಿ ಹೊಲಿಯುವ ಹೆಂಗಸರು ಈಗ ಕಡಿಮೆ, ಆದರೆ ಹಳ್ಳಿಗಳಲ್ಲಿ ಹೊಲಿದು ಕೊಡುವವರು ಇದ್ದಾರೆ. ಥೀಮನ್ನು ಕಾಗದದ ಮೇಲೆ ಬಣ್ಣ ತುಂಬಿ ತೋರಿಸಿ, ಚೌಕಗಳನ್ನು ಸಾಲಿನ ಪ್ರಕಾರ ಕಟ್ಟು ಕಟ್ಟಿ ಕೊಡಿ. ಬಾಯಿಮಾತಲ್ಲಿ ಹೇಳಿದರೆ ಅವರ ಕೈಗೆ ಬಂದ ಹಾಗೆ ಆಗುತ್ತದೆ, ಅದು ಅವರ ತಪ್ಪಲ್ಲ. ಕೂಲಿಗೆ ಚೌಕಾಸಿ ಮಾಡಬೇಡಿ. ಬಗ್ಗಿ ಕೂತು ಹೊಲಿಯುವ ಬೆನ್ನಿನ ನೋವು ಹೊಲಿದವರಿಗೇ ಗೊತ್ತು.

ತೊಳೆಯೋದು ಹೇಗೆ?

ತಣ್ಣೀರು, ಮೆದು ಸೋಪು. ಬಂಡೆಗೆ ಬಡಿಯಬೇಡಿ, ಕಾಲಲ್ಲಿ ತುಳಿದು ತೊಳೆಯಿರಿ. ಹಿಂಡಲು ಇಬ್ಬರು ಬೇಕು. ಒಂದೇ ಹಗ್ಗದ ಮೇಲೆ ನೇತು ಹಾಕಿದರೆ ನೀರಿನ ಭಾರಕ್ಕೆ ಹೊಲಿಗೆ ಕಿತ್ತು ಬರುತ್ತದೆ, ಎರಡು ಹಗ್ಗದ ಮೇಲೆ ಹರಡಿ ಅಥವಾ ಮಾಳಿಗೆಯ ಮೇಲೆ ಹಾಸಿ. ಬಣ್ಣದ ಮುಖ ಕೆಳಗಿರಲಿ. ಮಳೆಗಾಲದಲ್ಲಿ ತೊಳೆಯಲೇಬೇಡಿ, ಒಳಪದರ ಒಣಗದೆ ಮುಗ್ಗಲು ಹಿಡಿಯುತ್ತದೆ.

ಹೊಲಿಯುವಾಗ ಸೂಜಿ ಒಂದು ಕಾಣೆಯಾಯಿತು. ಕೌದಿಯೊಳಗೇ ಇದ್ದರೆ?

ಇದೆ ಅಂತಲೇ ತಿಳಿದು ಹುಡುಕಿ. ಹಳೇ ಸ್ಪೀಕರಿನ ಆಯಸ್ಕಾಂತ ಇದ್ದರೆ ಕೌದಿಯ ಮೇಲೆ ನಿಧಾನ ಆಡಿಸಿ, ಎರಡೂ ಕಡೆಯಿಂದ. ಉಕ್ಕಿನ ಸೂಜಿಯಾದ್ದರಿಂದ ಆಯಸ್ಕಾಂತ ಎಳೆಯುತ್ತದೆ, ಕೈಗೆ ಗೊತ್ತಾಗುತ್ತದೆ. ಸಿಗದಿದ್ದರೆ ಬೆರಳಲ್ಲಿ ಸಾಲು ಸಾಲಾಗಿ ಒತ್ತಿ ನೋಡಿ. ಇನ್ನು ಮುಂದೆ ಕೂರುವಾಗ ಎಣಿಸಿದ ಸೂಜಿಗಳನ್ನೇ ತೆಗೆದುಕೊಳ್ಳಿ, ಏಳುವಾಗ ಎಣಿಸಿ ಸೂಜಿಗೆಂದೇ ಇಟ್ಟ ಪುಟ್ಟ ದಿಂಬಿಗೆ ಚುಚ್ಚಿಡಿ. ಲೆಕ್ಕ ಸರಿ ಬರುವ ತನಕ ಆ ಕೌದಿಯ ಮೇಲೆ ಯಾರನ್ನೂ ಕೂರಿಸಬೇಡಿ.